ಅಂಡಮಾನಿನಲ್ಲಿ ಕೊನೆಯ ರಾತ್ರಿ ಎಲ್ಲಿ ತಂಗುತ್ತೀರಿ?

ಕಡಿಮೆ ಖರ್ಚಿನಲ್ಲಿ ಅಂಡಮಾನಿಗೆ ಹೋಗಿಬರಬೇಕೆಂದು ನಮ್ಮ ಪ್ರವಾಸ ಕಚೇರಿಗೆ ಬರುವವರಲ್ಲಿ ಹೆಚ್ಚಿನವರು ವಿಮಾನದ ಟಿಕೆಟನ್ನು ಮೊದಲೇ ಕೊಂಡುಕೊಂಡಿರುತ್ತಾರೆ. ದರ ಇಳಿದಿದ್ದ ಯಾವುದೋ ರಾತ್ರಿ ಮೊಬೈಲಿನಲ್ಲಿ ಖರೀದಿ ಮುಗಿದಿರುತ್ತದೆ. ಆಮೇಲೆ ನಮ್ಮೆದುರು ಕುಳಿತು, "ಟಿಕೆಟ್ ಆಗಿದೆ ಸರ್, ಉಳಿದದ್ದನ್ನು ಅಗ್ಗದಲ್ಲಿ ಹೊಂದಿಸಿಕೊಡಿ" ಎನ್ನುತ್ತಾರೆ. ಆ ಟಿಕೆಟನ್ನು ತೆಗೆದುಕೊಂಡು ನಾನು ಮೊದಲು ನೋಡುವುದು ಹೊರಡುವ ದಿನವನ್ನಲ್ಲ, ಮರಳುವ ವಿಮಾನದ ಸಮಯವನ್ನು. ಅದು ಬೆಳಿಗ್ಗೆ ಹತ್ತಕ್ಕೋ ಹನ್ನೊಂದಕ್ಕೋ ಇದ್ದು, ಹಿಂದಿನ ರಾತ್ರಿಯನ್ನು ಹ್ಯಾವ್‌ಲಾಕ್ ದ್ವೀಪದ ಕಡಲತೀರದಲ್ಲಿ ಕಳೆಯುವುದೆಂದು ಅವರು ಮನೆಯಲ್ಲೇ ನಿಶ್ಚಯಿಸಿಕೊಂಡು ಬಂದಿದ್ದರೆ, ಆ ದಿನದ ನಮ್ಮ ಮಾತುಕತೆಯ ಮುಕ್ಕಾಲು ಪಾಲು ಆ ಒಂದು ರಾತ್ರಿಯ ಬಗ್ಗೆಯೇ ನಡೆಯುತ್ತದೆ.

ಹದಿನಾಲ್ಕು ವರ್ಷಗಳಿಂದ ಇದೇ ಮಾತನ್ನು ಹೇಳುತ್ತ ಬಂದಿರುವುದರಿಂದ ಇಲ್ಲಿ ಬರೆದೇ ಇಡುತ್ತೇನೆ. ಹ್ಯಾವ್‌ಲಾಕಿನಂಥ ಹೊರದ್ವೀಪದಿಂದ, ವಿಮಾನ ನಿಲ್ದಾಣವಿರುವ ಪೋರ್ಟ್ ಬ್ಲೇರಿಗೆ ಮರಳುವ ಫೆರಿಯನ್ನೂ (ಪ್ರಯಾಣಿಕರ ಹಡಗನ್ನೂ) ಪೋರ್ಟ್ ಬ್ಲೇರಿನಿಂದ ಊರಿಗೆ ಮರಳುವ ವಿಮಾನವನ್ನೂ ಒಂದೇ ದಿನ ಇಟ್ಟುಕೊಳ್ಳಬಾರದು. ಪ್ರವಾಸದ ಕೊನೆಯ ರಾತ್ರಿಯನ್ನು ಪೋರ್ಟ್ ಬ್ಲೇರಿನಲ್ಲೇ ಕಳೆಯಬೇಕು.

ಇದಕ್ಕೆ ಬರುವ ಮೊದಲ ಆಕ್ಷೇಪ, ದೂರ ಅಷ್ಟು ಕಡಿಮೆಯಿರುವಾಗ ಹೆದರಿಕೆ ಏಕೆ ಎನ್ನುವುದು. ದೂರ ಕಡಿಮೆ ಎನ್ನುವುದು ನಿಜ. ಪೋರ್ಟ್ ಬ್ಲೇರಿನಿಂದ ಹ್ಯಾವ್‌ಲಾಕಿಗೆ ಸುಮಾರು 40 ಕಿಲೋಮೀಟರು. ಖಾಸಗಿ ವೇಗದ ಫೆರಿ ಒಂದೂವರೆ ಗಂಟೆಯಲ್ಲಿ ತಲುಪಿಸುತ್ತದೆ, ಸರ್ಕಾರಿ ಫೆರಿ ಎರಡೂವರೆ ಗಂಟೆ ತೆಗೆದುಕೊಳ್ಳುತ್ತದೆ. ಬೆಂಗಳೂರಿನವರು ಇದನ್ನು ಕೇಳಿದ ಕೂಡಲೇ ಮನಸ್ಸಿನಲ್ಲಿ ರಾಮನಗರದ ರಸ್ತೆಯ ಲೆಕ್ಕ ಹಾಕುತ್ತಾರೆ. ರಸ್ತೆಯಲ್ಲಿ ಒಂದು ಬಸ್ಸು ತಪ್ಪಿದರೆ ಇನ್ನೊಂದು ಸಿಗುತ್ತದೆ, ಬಸ್ಸೇ ಇಲ್ಲದಿದ್ದರೆ ಕಾರು ಸಿಗುತ್ತದೆ, ಹೆಚ್ಚು ಹಣ ಕೊಟ್ಟರೆ ಬೇಗ ತಲುಪಬಹುದು. ಸಮುದ್ರದಲ್ಲಿ ಈ ಮೂರೂ ನಡೆಯುವುದಿಲ್ಲ. ಗಾಳಿ ಎದ್ದು ಬಂದರಿನವರು ಸಂಚಾರ ನಿಲ್ಲಿಸಿದರೆಂದರೆ ದುಬಾರಿ ಟಿಕೆಟಿನವರೂ ಅಗ್ಗದ ಟಿಕೆಟಿನವರೂ ಒಂದೇ ಜೆಟ್ಟಿಯ ಮೇಲೆ ಒಟ್ಟಿಗೆ ನಿಂತಿರುತ್ತಾರೆ.

ಎರಡನೆಯ ವಿಷಯ ಬಹುಮಂದಿಗೆ ಹೊಳೆದಿರುವುದೇ ಇಲ್ಲ. ಬೆಳಗಿನ ಹೊತ್ತು ಹ್ಯಾವ್‌ಲಾಕಿನಿಂದ ನಿಮ್ಮನ್ನು ಕರೆತರಬೇಕಾದ ಫೆರಿ ಸಾಮಾನ್ಯವಾಗಿ ರಾತ್ರಿ ಅಲ್ಲಿ ತಂಗಿರುವುದಿಲ್ಲ, ಅದು ಬೆಳಿಗ್ಗೆ ಪೋರ್ಟ್ ಬ್ಲೇರಿನಿಂದಲೇ ಹೊರಟು ನಿಮ್ಮ ಕಡೆಗೆ ಬರಬೇಕು. ಕೆಲವು ಫೆರಿಗಳು ಹ್ಯಾವ್‌ಲಾಕ್‌ನಿಂದ ನೀಲ್ ದ್ವೀಪಕ್ಕೆ ಹೋಗಿ, ಅಲ್ಲಿಯ ಪ್ರಯಾಣಿಕರನ್ನು ಹತ್ತಿಸಿಕೊಂಡು ಆಮೇಲೆ ಪೋರ್ಟ್ ಬ್ಲೇರಿಗೆ ಮರಳುತ್ತವೆ. ಹೀಗಾಗಿ ಮುಂಜಾನೆ ಪೋರ್ಟ್ ಬ್ಲೇರಿನಲ್ಲಿ ಆದ ಅರ್ಧ ಗಂಟೆಯ ತಡ ನಿಮ್ಮನ್ನು ಮುಟ್ಟುವ ಹೊತ್ತಿಗೆ ಒಂದು ಗಂಟೆಯಾಗಿರುತ್ತದೆ. ಬಂದಿಳಿದ ಮೇಲೆ ಸಾಮಾನು ಪಡೆದು, ಟ್ಯಾಕ್ಸಿ ಹಿಡಿದು, ವಿಮಾನ ನಿಲ್ದಾಣದ ತಪಾಸಣೆಗೆ ನಿಲ್ಲಬೇಕಲ್ಲವೇ? ಹವಾಮಾನ ಚೆನ್ನಾಗಿದ್ದ ದಿನವೂ ಈ ಲೆಕ್ಕ ಬಿಗಿಯಾಗಿಯೇ ಇರುತ್ತದೆ.

ಮೂರನೆಯದು ಹಣದ ಲೆಕ್ಕ, ಅಗ್ಗದ ಪ್ರವಾಸ ಬೇಕೆನ್ನುವವರು ಇದನ್ನೇ ಹೆಚ್ಚು ಗಮನವಿಟ್ಟು ಓದಬೇಕು. ಹೋಗುವಾಗ ವಿಮಾನ ತಡವಾಗಿ ಫೆರಿ ತಪ್ಪಿದರೆ ನಿಮಗಾಗುವ ನಷ್ಟ ಒಂದು ಫೆರಿ ಟಿಕೆಟಿನದು, ಜೊತೆಗೆ ಅಲ್ಲಿಯ ಕೋಣೆಯ ಒಂದು ರಾತ್ರಿಯ ಬಾಡಿಗೆ. ಖಾಸಗಿ ಫೆರಿಯ ದರ ತಲೆಗೆ ಒಂದೂವರೆ ಸಾವಿರ ರೂಪಾಯಿಯ ಆಸುಪಾಸಿನಲ್ಲಿರುತ್ತದೆ. ಋತು ಮತ್ತು ಆಸನಕ್ಕೆ ತಕ್ಕಂತೆ ಅದು ಬದಲಾಗುವುದರಿಂದ ಕೊಳ್ಳುವ ದಿನ ವಿಚಾರಿಸಿಕೊಳ್ಳಿ. ಮರಳುವಾಗ ಫೆರಿ ತಪ್ಪಿ ವಿಮಾನ ತಪ್ಪಿದರೆ, ನಷ್ಟ ವಿಮಾನದ ಟಿಕೆಟಿನದು. ಅಷ್ಟೇ ಅಲ್ಲ, ಮರುದಿನದ ಟಿಕೆಟನ್ನು ಆ ಕ್ಷಣದ ದರದಲ್ಲಿ ಕೊಳ್ಳಬೇಕು, ಮತ್ತು ನಿಮ್ಮಂತೆಯೇ ಸಿಕ್ಕಿಬಿದ್ದ ನೂರಾರು ಮಂದಿ ಅದೇ ಹೊತ್ತಿಗೆ ಅದೇ ಆಸನಗಳನ್ನು ಹುಡುಕುತ್ತಿರುತ್ತಾರೆ. ಫೆರಿಯವರು ತಮ್ಮ ಟಿಕೆಟಿನ ಹಣ ಹಿಂದಿರುಗಿಸಬಹುದು, ನಿಮ್ಮ ವಿಮಾನಕ್ಕೂ ಅವರಿಗೂ ಸಂಬಂಧವಿಲ್ಲ. ವಿಮಾನ ಸಂಸ್ಥೆಗೂ ನಿಮ್ಮ ಫೆರಿಗೂ ಸಂಬಂಧವಿಲ್ಲ. ಆದ್ದರಿಂದಲೇ ಹೋಗುವಾಗ ವಿಮಾನ ಇಳಿದ ದಿನವೇ ನಾಲ್ಕು ಗಂಟೆಗಳ ಅಂತರವಿಟ್ಟು ಮಧ್ಯಾಹ್ನದ ಫೆರಿ ಹಿಡಿಯುವುದಕ್ಕೆ ನಾನು ಒಪ್ಪುತ್ತೇನೆ, ಮರಳುವಾಗ ಎಂಟು ಗಂಟೆಗಳ ಅಂತರವಿದ್ದರೂ ಒಪ್ಪುವುದಿಲ್ಲ. ಕೇಳುವವರಿಗೆ ಇದು ಮೊಂಡುತನದಂತೆ ಕಾಣುತ್ತದೆಂದು ನನಗೆ ಗೊತ್ತು.

ಒಮ್ಮೆ ಒಪ್ಪಿದ್ದೆ. ಈ ಕೆಲಸಕ್ಕೆ ಬಂದ ಮೂರನೆಯ ವರ್ಷ, ದಾವಣಗೆರೆಯ ಒಂದು ಕುಟುಂಬ. ಅಣ್ಣತಮ್ಮಂದಿರಿಬ್ಬರು, ಅವರ ಹೆಂಡತಿಯರು, ಮೂರು ಮಕ್ಕಳು, ಜೊತೆಗೆ ಎಪ್ಪತ್ತು ದಾಟಿದ ತಾಯಿ. ಮಕ್ಕಳಿಗೆ ಸಮುದ್ರದ ಪಕ್ಕ ಇನ್ನೊಂದು ರಾತ್ರಿ ಸಿಗಲಿ ಎಂದು ಹಿರಿಯ ಸೊಸೆ ಬಹಳ ಕೇಳಿಕೊಂಡರು. ಅಕ್ಟೋಬರ್ ತಿಂಗಳು, ದಸರಾ ರಜೆ. ಕೊನೆಯ ದಿನ ಬೆಳಗಿನಿಂದಲೇ ಗಾಳಿ ಬೀಸತೊಡಗಿ, ಹತ್ತು ಗಂಟೆಯ ಹೊತ್ತಿಗೆ ಆ ದಿನದ ಫೆರಿಗಳೆಲ್ಲ ರದ್ದಾದವು. ಎಂಟು ಜನರಿಗೆ ಎರಡು ದಿನಗಳ ಬಳಿಕ ಹೊಸ ಟಿಕೆಟು ಕೊಂಡ ಹಣ ಅವರ ಅಷ್ಟೂ ದಿನಗಳ ಹೋಟೆಲಿನ ಬಾಡಿಗೆಗಿಂತ ಹೆಚ್ಚಾಯಿತು. ಆ ತಾಯಿಯ ಸಕ್ಕರೆ ಕಾಯಿಲೆಯ ಮಾತ್ರೆ ಮುಗಿದುಹೋಗಿ, ದ್ವೀಪದ ಆರೋಗ್ಯ ಕೇಂದ್ರದಲ್ಲಿ ಅದನ್ನು ಪಡೆದುಕೊಂಡರಂತೆ. ಅವರು ನನ್ನನ್ನು ಒಂದು ಮಾತೂ ಬೈಯಲಿಲ್ಲ, ಆ ಮನೆಯವರ ಒಳ್ಳೆಯತನ ಅದು. ಬೇಡವೆಂದು ಗಟ್ಟಿಯಾಗಿ ಹೇಳಬೇಕಾಗಿದ್ದುದು ನನ್ನ ಕರ್ತವ್ಯವಾಗಿತ್ತು.

ಇಂಥದ್ದು ಅಪರೂಪವಲ್ಲವೇ ಎಂದು ಕೇಳುವವರಿಗೆ 2016ರ ಡಿಸೆಂಬರ್ ಮೊದಲ ವಾರವನ್ನು ನೆನಪಿಸುತ್ತೇನೆ. ಮುಂದೆ ವರ್ದಾ ಚಂಡಮಾರುತವಾಗಿ ಚೆನ್ನೈಗೆ ಅಪ್ಪಳಿಸಿದ ವಾಯುಭಾರ ಕುಸಿತ ಅಂಡಮಾನಿನ ಬಳಿ ಇದ್ದಾಗ, ಹ್ಯಾವ್‌ಲಾಕ್ ಮತ್ತು ನೀಲ್ ದ್ವೀಪಗಳಲ್ಲಿ ಸಾವಿರಕ್ಕೂ ಹೆಚ್ಚು ಪ್ರವಾಸಿಗರು ಸಿಕ್ಕಿಬಿದ್ದು, ನೌಕಾಪಡೆಯೂ ಕರಾವಳಿ ಕಾವಲು ಪಡೆಯೂ ಹಡಗುಗಳನ್ನು ಕಳುಹಿಸಿ ಅವರನ್ನು ಕರೆತರಬೇಕಾಯಿತು. ಅಷ್ಟು ದೊಡ್ಡ ಘಟನೆ ಪದೇಪದೇ ನಡೆಯುವುದಿಲ್ಲ, ಆದರೆ ಅರ್ಧ ದಿನವೋ ಒಂದು ದಿನವೋ ಫೆರಿ ನಿಲ್ಲುವುದು ವರ್ಷದಲ್ಲಿ ಹಲವು ಸಲ ನಡೆಯುತ್ತದೆ. ಇದಕ್ಕೂ ನಮ್ಮ ಶಾಲಾ ರಜೆಗೂ ಇರುವ ನಂಟನ್ನು ಕರ್ನಾಟಕದ ಪೋಷಕರು ಗಮನಿಸಬೇಕು. ನೈಋತ್ಯ ಮುಂಗಾರು ಕೇರಳಕ್ಕಿಂತ ಮೊದಲೇ, ಮೇ ತಿಂಗಳ ಮೂರನೆಯ ವಾರದ ಸುಮಾರಿಗೆ ಅಂಡಮಾನನ್ನು ಮುಟ್ಟುತ್ತದೆ. ಅಂದರೆ ಬೇಸಿಗೆ ರಜೆಯ ಕೊನೆಯ ದಿನಗಳು ಅಲ್ಲಿ ಮಳೆಗಾಲದ ಮೊದಲ ದಿನಗಳು. ದಸರಾ ರಜೆ ಬರುವುದು ಬಂಗಾಳಕೊಲ್ಲಿಯಲ್ಲಿ ಚಂಡಮಾರುತಗಳೇಳುವ ಕಾಲದ ಬಾಗಿಲಲ್ಲಿ. ಮಕ್ಕಳಿರುವ ಮನೆಯವರಿಗೆ ಏಪ್ರಿಲ್ ತಿಂಗಳನ್ನೇ ಸೂಚಿಸುತ್ತೇನೆ. ಮಕ್ಕಳ ರಜೆಯ ಹಂಗಿಲ್ಲದವರು ಜನವರಿಯ ಕೊನೆ, ಫೆಬ್ರವರಿಗಳನ್ನು ಆರಿಸಿಕೊಳ್ಳಲಿ.

ಮಲ್ಪೆ, ಗಂಗೊಳ್ಳಿ, ಕಾರವಾರದ ಕಡೆಯವರಿಗೆ ಇದನ್ನೆಲ್ಲ ನಾನು ವಿವರಿಸಬೇಕಾಗಿಯೇ ಬರುವುದಿಲ್ಲ. ಮಳೆಗಾಲದಲ್ಲಿ ಸೇಂಟ್ ಮೇರೀಸ್ ದ್ವೀಪದ ದೋಣಿ ನಿಲ್ಲುವುದನ್ನೂ, ಜೂನ್ ಮತ್ತು ಜುಲೈ ತಿಂಗಳಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವುದನ್ನೂ ನೋಡುತ್ತ ಬೆಳೆದವರು ಅವರು. "ಕಡಲು ಬಿಟ್ಟರೆ ಬರುತ್ತೇವೆ" ಎಂದು ಗಂಗೊಳ್ಳಿಯ ಹಿರಿಯರೊಬ್ಬರು ನನಗೆ ಫೋನಿನಲ್ಲಿ ಹೇಳಿದ ಮಾತನ್ನು ನಾನು ಬಹಳ ಜನರಿಗೆ ಹೇಳಿದ್ದೇನೆ.

ಕೊನೆಯ ರಾತ್ರಿ ಪೋರ್ಟ್ ಬ್ಲೇರಿನಲ್ಲಿ ಕಳೆದರೆ ಕಡಲತೀರದ ಒಂದು ದಿನ ಕಳೆದುಕೊಂಡಂತೆ ಎಂಬ ಕೊರಗು ಉಳಿದೇ ಇರುತ್ತದೆ. ಪೋರ್ಟ್ ಬ್ಲೇರಿನ ನೋಟಗಳನ್ನು ಮೊದಲ ದಿನಕ್ಕೆ ಇಟ್ಟುಕೊಳ್ಳುವುದರಿಂದ ಹುಟ್ಟುವ ಕೊರಗು ಅದು. 1906ರಲ್ಲಿ ಕಟ್ಟಿ ಮುಗಿದ ಸೆಲ್ಯುಲರ್ ಜೈಲನ್ನು ಅವಸರವಿಲ್ಲದೆ ನೋಡಬೇಕೆಂದರೆ ಅರ್ಧ ದಿನ ಬೇಕು, ಎದುರಿನ ರಾಸ್ ದ್ವೀಪಕ್ಕೆ ಇನ್ನು ಕೆಲವು ಗಂಟೆಗಳು. ಇವನ್ನು ಕೊನೆಗೆ ಇಟ್ಟುಕೊಳ್ಳಿ. ಬಂದ ದಿನವೇ ಹೊರದ್ವೀಪಕ್ಕೆ ಹೋಗಿ, ಸಮುದ್ರದ ದಿನಗಳನ್ನೆಲ್ಲ ಮುಗಿಸಿಕೊಂಡು, ವಿಮಾನದ ಹಿಂದಿನ ದಿನ ಬೆಳಗಿನ ಫೆರಿಯಲ್ಲಿ ಪೋರ್ಟ್ ಬ್ಲೇರಿಗೆ ಬಂದರೆ ಮಧ್ಯಾಹ್ನ ಜೈಲು ನೋಡಬಹುದು. ಫೆರಿ ಸಂಜೆಗೆ ತಳ್ಳಲ್ಪಟ್ಟರೆ ತಪ್ಪುವುದು ಜೈಲಿನ ದರ್ಶನ ಮಾತ್ರ, ವಿಮಾನವಲ್ಲ.

ಇಲ್ಲಿ ಹೊತ್ತಿನ ಬಗ್ಗೆಯೂ ಒಂದು ಎಚ್ಚರ. ಅಂಡಮಾನಿನ ಗಡಿಯಾರ ನಮ್ಮದೇ, ಸೂರ್ಯ ನಮ್ಮದಲ್ಲ. ಬೆಂಗಳೂರಿಗಿಂತ ಹದಿನೈದು ಡಿಗ್ರಿ ಪೂರ್ವಕ್ಕಿರುವುದರಿಂದ ಅಲ್ಲಿ ಒಂದು ಗಂಟೆ ಮೊದಲೇ ಬೆಳಗಾಗಿ, ಒಂದು ಗಂಟೆ ಮೊದಲೇ ಕತ್ತಲಾಗುತ್ತದೆ. ಡಿಸೆಂಬರಿನಲ್ಲಿ ಸಂಜೆ ಐದರ ಸುಮಾರಿಗೇ ಸೂರ್ಯ ಮುಳುಗುತ್ತಾನೆ. ಎಂಟಕ್ಕೆ ಎದ್ದು ಹತ್ತಕ್ಕೆ ಹೊರಡುವವರು ಹಗಲಿನ ಮೂರನೇ ಒಂದು ಭಾಗವನ್ನು ಕೋಣೆಯಲ್ಲೇ ಕಳೆದಿರುತ್ತಾರೆ.

ಖರ್ಚಿನ ವಿಷಯದಲ್ಲಿ ಜನ ಹಿಡಿಯುವ ದಾರಿಯೂ ಸಮುದ್ರಕ್ಕೆ ರಸ್ತೆಯ ಲೆಕ್ಕ ಹಾಕುವ ಅದೇ ತಪ್ಪಿನಿಂದ ಹುಟ್ಟಿದ್ದು. ಐದು ರಾತ್ರಿಗಳಲ್ಲಿ ಪೋರ್ಟ್ ಬ್ಲೇರ್, ಹ್ಯಾವ್‌ಲಾಕ್, ನೀಲ್, ಮೇಲೆ ಬಾರಾಟಾಂಗಿನ ಸುಣ್ಣಕಲ್ಲಿನ ಗುಹೆ, ಎಲ್ಲವನ್ನೂ ತುರುಕಿದರೆ ಕೊಟ್ಟ ವಿಮಾನದ ಹಣಕ್ಕೆ ನ್ಯಾಯವಾಯಿತೆಂದು ಅವರ ಭಾವನೆ. ನಾಲ್ಕು ಜನರ ಕುಟುಂಬಕ್ಕೆ ಒಂದೊಂದು ದ್ವೀಪ ಬದಲಾವಣೆಯೂ ನಾಲ್ಕು ಫೆರಿ ಟಿಕೆಟು, ಎರಡು ಕಡೆಯ ಟ್ಯಾಕ್ಸಿ, ಮತ್ತು ಅರ್ಧ ದಿನ. ಜೆಟ್ಟಿಗೆ ಒಂದು ಗಂಟೆ ಮೊದಲೇ ಹೋಗಬೇಕು, ಗುರುತಿನ ಚೀಟಿ ತೋರಿಸಬೇಕು, ಸಾಮಾನಿನ ತಪಾಸಣೆಯಾಗಬೇಕು. ಬಾರಾಟಾಂಗಿಗೆ ನಸುಕಿಗೂ ಮೊದಲೇ ಎದ್ದು, ಜಿರ್ಕಾಟಾಂಗಿನಲ್ಲಿ ವಾಹನಗಳ ಸಾಲಿಗೆ ಕಾದು, ಜಾರವಾ ಬುಡಕಟ್ಟಿನ ಮೀಸಲು ಕಾಡನ್ನು ಬೆಂಗಾವಲಿನಲ್ಲಿ ದಾಟಬೇಕು. ಐದು ರಾತ್ರಿಯ ಪ್ರವಾಸದಲ್ಲಿ ಅದನ್ನು ಸೇರಿಸುವುದು ಬೇಡವೆಂದೇ ನನ್ನ ಅಭಿಪ್ರಾಯ. ಆ ಜನರ ಕಾಡಿನ ನಡುವೆ ಅಷ್ಟೊಂದು ವಾಹನಗಳು ಹೋಗುವುದು ನನಗೆ ಸರಿಕಾಣುವುದೂ ಇಲ್ಲ.

ನೀಲ್ ದ್ವೀಪದಲ್ಲಿ ಒಂದೇ ರಾತ್ರಿ ತಂಗುವವರ ಕತೆ ಕೇಳಿ. ಮಧ್ಯಾಹ್ನ ತಲುಪುತ್ತಾರೆ, ಆ ಹೊತ್ತಿಗೆ ಇಳಿತ. ನೀರು ಬಹುದೂರ ಸರಿದು ಹವಳದ ಕಲ್ಲುಗಳೆಲ್ಲ ಹೊರಗೆ ಕಾಣುತ್ತಿರುತ್ತವೆ, ಈಜುವುದಿರಲಿ ಕಾಲಿಡುವುದೂ ಕಷ್ಟ. ಮರುದಿನ ಬೆಳಿಗ್ಗೆ ಉಬ್ಬರ ಬಂದು ನೀರು ತುಂಬುವ ಹೊತ್ತಿಗೆ ಇವರ ಫೆರಿ ಹೊರಡುತ್ತದೆ. ಇಷ್ಟು ಖರ್ಚು ಮಾಡಿ ಸಮುದ್ರಕ್ಕಿಳಿಯದೆ ಮರಳಿದವರು ನನಗೆ ಗೊತ್ತು. ಉಬ್ಬರ ಇಳಿತಗಳು ದಿನಕ್ಕೆ ಎರಡೆರಡು ಸಲ, ಪ್ರತಿದಿನ ಸುಮಾರು ಐವತ್ತು ನಿಮಿಷ ತಡವಾಗುತ್ತ ಹೋಗುತ್ತವೆ. ಅಮಾವಾಸ್ಯೆ ಹುಣ್ಣಿಮೆಗಳ ಆಸುಪಾಸಿನಲ್ಲಿ ನೀರು ಇನ್ನೂ ಮೇಲೇರಿ ಇನ್ನೂ ಕೆಳಗಿಳಿಯುತ್ತದೆ. ಒಂದೇ ಕಡೆ ಎರಡು ಮೂರು ದಿನ ಇದ್ದರೆ ಯಾವುದಾದರೊಂದು ಹೊತ್ತು ನಿಮಗೆ ಒಲಿದೇ ಒಲಿಯುತ್ತದೆ.

ಶಿವಮೊಗ್ಗದ ನಿವೃತ್ತ ಮೇಷ್ಟ್ರು ಮತ್ತು ಅವರ ಪತ್ನಿ ಹೀಗೆ ನೀಲ್ ಒಂದರಲ್ಲೇ ಮೂರು ರಾತ್ರಿ ಕಳೆದರು. ಬಜಾರಿನ ಬಳಿ ಸಾಧಾರಣ ಕೋಣೆ, ಬಾಡಿಗೆಗೆ ಸೈಕಲ್ಲು, ಪೂರ್ವ ಬಂಗಾಳದಿಂದ ಬಂದು ನೆಲೆಸಿದವರ ಮನೆತನದ ಚಿಕ್ಕ ಹೋಟೆಲಿನಲ್ಲಿ ಅನ್ನ, ಬೇಳೆ, ತರಕಾರಿ ಪಲ್ಯ. ಅಂಡಮಾನಿಗೆಲ್ಲ ತರಕಾರಿ ಬೆಳೆಯುವ ದ್ವೀಪವಾದ್ದರಿಂದ ಸಸ್ಯಾಹಾರಿಗಳಾದ ಅವರಿಗೆ ಊಟದ ತೊಂದರೆಯಾಗಲಿಲ್ಲ. ಮೇಷ್ಟ್ರು ದಿನವೂ ಉಬ್ಬರ ಇಳಿತದ ಸಮಯವನ್ನು ಪುಟ್ಟ ನೋಟ್‌ಪುಸ್ತಕದಲ್ಲಿ ಬರೆದುಕೊಂಡು, ಬಂದಮೇಲೆ ನನಗೆ ತೋರಿಸಿದರು. ಅದೇ ತಿಂಗಳು ಮೂರು ದ್ವೀಪ ಸುತ್ತಿದ ದಂಪತಿಗಳಿಗಿಂತ ಇವರ ಖರ್ಚು ಗಮನಾರ್ಹವಾಗಿ ಕಡಿಮೆಯಾಗಿತ್ತು. ಹ್ಯಾವ್‌ಲಾಕಿನ ರಾಧಾನಗರ ಕಡಲತೀರವನ್ನು ನೋಡಲಾಗಲಿಲ್ಲವೆಂದು ಅವರೇನೂ ಕೊರಗಲಿಲ್ಲ. ಅದು ಬಹಳ ಸುಂದರವಾದ ಜಾಗ ಎನ್ನುವುದರಲ್ಲಿ ಸಂಶಯವಿಲ್ಲ, ಅದನ್ನು ನೋಡಲೇಬೇಕೆನ್ನುವವರು ನೀಲ್ ಬಿಟ್ಟು ಹ್ಯಾವ್‌ಲಾಕಿನಲ್ಲೇ ಮೂರು ರಾತ್ರಿ ಇರಲಿ.

ಸರ್ಕಾರಿ ಫೆರಿ ಅಗ್ಗ, ಆದರೆ ಅದರಲ್ಲಿ ದ್ವೀಪವಾಸಿಗಳಿಗೆ ಆದ್ಯತೆಯಿದೆ, ಇರಲೂಬೇಕು, ಏಕೆಂದರೆ ಆಸ್ಪತ್ರೆಗೂ ಕಚೇರಿಗೂ ಅವರಿಗೆ ಅದೇ ದಾರಿ. ಸಿಕ್ಕರೆ ಹೋಗುವಾಗ ಬಳಸಿ, ಅದೊಂದನ್ನೇ ನಂಬಿ ಮರಳುವ ದಿನವನ್ನು ನಿಗದಿ ಮಾಡಬೇಡಿ. ಚೆನ್ನೈನಿಂದ ಹಡಗಿನಲ್ಲಿ ಹೋಗಿ ಹಣ ಉಳಿಸುತ್ತೇವೆನ್ನುವವರಿಗೆ ಒಂದೇ ಮಾತು, ಒಂದು ಕಡೆಗೆ ಎರಡೂವರೆ ಮೂರು ದಿನ ಹಿಡಿಯುತ್ತದೆ. ಇನ್ನು ಹೆಸರುಗಳ ಗೊಂದಲ. ಹ್ಯಾವ್‌ಲಾಕ್ 2018ರ ಡಿಸೆಂಬರಿನಿಂದ ಸ್ವರಾಜ್ ದ್ವೀಪ, ನೀಲ್ ಶಹೀದ್ ದ್ವೀಪ, ರಾಸ್ ನೇತಾಜಿ ಸುಭಾಷ್ ಚಂದ್ರ ಬೋಸ್ ದ್ವೀಪ. ಪೋರ್ಟ್ ಬ್ಲೇರಿಗೆ 2024ರ ಸೆಪ್ಟೆಂಬರಿನಲ್ಲಿ ಶ್ರೀ ವಿಜಯಪುರಂ ಎಂಬ ಹೆಸರು ಬಂತು. ಟಿಕೆಟಿನಲ್ಲಿ ಹೊಸ ಹೆಸರು ಕಂಡು ತಪ್ಪು ಊರಿಗೆ ಕೊಂಡೆವೇನೋ ಎಂದು ಗಾಬರಿಯಿಂದ ಫೋನ್ ಮಾಡುವವರಿದ್ದಾರೆ, ಗಾಬರಿ ಬೇಡ.

ವಿಮಾನದ ಟಿಕೆಟನ್ನು ಇನ್ನೂ ಕೊಳ್ಳದಿರುವವರು ಮೊದಲು ಮರಳುವ ದಿನವನ್ನು ಆರಿಸಿ, ಅದರ ಹಿಂದಿನ ರಾತ್ರಿಗೆ ಪೋರ್ಟ್ ಬ್ಲೇರಿನಲ್ಲಿ ಕೋಣೆ ಹಿಡಿದು, ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕುತ್ತ ಬನ್ನಿ. ದಿನನಿತ್ಯದ ಮಾತ್ರೆಗಳನ್ನು ಪ್ರವಾಸದ ದಿನಗಳಿಗಿಂತ ಮೂರು ದಿನ ಹೆಚ್ಚಿಗೆ ಇಟ್ಟುಕೊಳ್ಳಿ. ಸೋಮವಾರ ಕಚೇರಿಯಲ್ಲಿ ಹಾಜರಿರಲೇಬೇಕಾದವರು ಶನಿವಾರದ ವಿಮಾನ ಹಿಡಿಯಿರಿ, ಭಾನುವಾರದ್ದಲ್ಲ.