ಹೆಸರು ಅಳಿಸಿದರೆ ಆಯ್ತಾ?

ಕುಂಬಳೆಯಲ್ಲೋ ಬದಿಯಡ್ಕದಲ್ಲೋ ಅಂಗಡಿಗೆ ಹೋದರೆ ಬಿಲ್ಲಿಗೆ ಫೋನ್ ನಂಬರ್ ಕೇಳುತ್ತಾರೆ. ನಾವು ಸುಮ್ನೆ ಹೇಳಿಬಿಡುತ್ತೇವೆ. ಯಾವ ಸೋಪು, ಹಬ್ಬಕ್ಕೆ ಏನು ಜಾಸ್ತಿ, ಎಲ್ಲವೂ ಆ ನಂಬರಿಗೆ ಅಂಟಿಕೊಳ್ಳುತ್ತದೆ. ಆಮೇಲೆ ಹೆಸರು, ನಂಬರ್ ಅಳಿಸಿದರೆ ಗುಟ್ಟು ಉಳಿಯುತ್ತದೆ ಎಂದು ತುಂಬ ಜನ ನಂಬಿದ್ದಾರೆ. ಅದು ನಿಜವಲ್ಲ.

1990ರ ದಶಕದಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯ ನೌಕರರ ಆಸ್ಪತ್ರೆ ದಾಖಲೆಗಳನ್ನು ಹೆಸರು ತೆಗೆದು ಸಂಶೋಧಕರಿಗೆ ಕೊಡಲಾಗಿತ್ತು. ಲತಾನ್ಯಾ ಸ್ವೀನಿ ಆಗ ವಿದ್ಯಾರ್ಥಿನಿ. 20 ಡಾಲರಿಗೆ ಮತದಾರರ ಪಟ್ಟಿ ಕೊಂಡು ಎರಡನ್ನೂ ಹೋಲಿಸಿ ನೋಡಿದರು. ಗವರ್ನರ್ ವಿಲಿಯಂ ವೆಲ್ಡ್ ಅವರ ದಾಖಲೆಯೇ ಸಿಕ್ಕಿಬಿಟ್ಟಿತು! ಅಂಚೆ ಕೋಡ್, ಹುಟ್ಟಿದ ದಿನ, ಗಂಡೋ ಹೆಣ್ಣೋ ಎನ್ನುವುದು, ಈ ಮೂರರಿಂದಲೇ ಅಮೆರಿಕದ ಸುಮಾರು 87% ಜನರನ್ನು ಗುರುತಿಸಬಹುದು ಎಂದು ಅವರು 2000ದಲ್ಲಿ ಲೆಕ್ಕ ಕೊಟ್ಟರು. ನಮ್ಮ ಕಾಸರಗೋಡಿನಲ್ಲಿ ಇನ್ನೊಂದು ಸುಳಿವೂ ಸೇರುತ್ತದೆ. ಕೇರಳದ ಪಿನ್‌ಕೋಡ್ ಹಾಕಿ ಕನ್ನಡದಲ್ಲಿ ಫಾರ್ಮ್ ತುಂಬಿದವರು ಎಷ್ಟು ಜನ ಇದ್ದಾರು? ಗುಂಪು ಚಿಕ್ಕದಾದಷ್ಟೂ ಅಡಗುವ ಜಾಗ ಕಡಿಮೆ.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣೆ ಕಾಯ್ದೆ ಬೇಕಾಗಿದ್ದು ಇದಕ್ಕೇ. ನಿಯಮಗಳು 2025ರ ನವೆಂಬರಿನಲ್ಲಿ ಬಂದವು. ಮುಖ್ಯ ಹೊಣೆಗಳು ಜಾರಿಗೆ ಬರಲು 18 ತಿಂಗಳ ಗಡುವು. ದಂಡ 250 ಕೋಟಿ ರೂಪಾಯಿವರೆಗೂ ಹೋಗಬಹುದು. ಒಪ್ಪಿಗೆ ಕೇಳುವ ನೋಟಿಸನ್ನು ಸಂವಿಧಾನದ 8ನೇ ಪರಿಚ್ಛೇದದ 22 ಭಾಷೆಗಳಲ್ಲಿ ಯಾವುದರಲ್ಲಿ ಬೇಕಾದರೂ ಓದುವ ಆಯ್ಕೆ ಕೊಡಬೇಕು. ಅಂದರೆ ಮಂಜೇಶ್ವರದಲ್ಲಿ ಕುಳಿತು ಕನ್ನಡದಲ್ಲೇ ಕೇಳಬಹುದು. ತುಳು ಆ ಪಟ್ಟಿಯಲ್ಲಿಲ್ಲ, ಅದು ನನಗೆ ಬೇಸರ.

ಇದರಿಂದ ಮಾರುಕಟ್ಟೆ ಸಮೀಕ್ಷೆಯೇ ಸತ್ತುಹೋಗುತ್ತದೆ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಸಮೀಕ್ಷೆಗೆ ಬೇಕಿರುವುದು ಊರಿನ ಲೆಕ್ಕ, ನಿಮ್ಮ ಮನೆಯ ಲೆಕ್ಕವಲ್ಲ. ಒಬ್ಬೊಬ್ಬರ ಬಗ್ಗೆ ತೀರ್ಮಾನ ಮಾಡಲು ಬಳಸದೆ, ನಿಗದಿತ ಮಾನದಂಡ ಪಾಲಿಸಿದರೆ ಸಂಶೋಧನೆಗೆ, ಅಂಕಿಅಂಶಕ್ಕೆ ಕಾಯ್ದೆಯೇ ವಿನಾಯಿತಿ ಕೊಡುತ್ತದೆ.

ಒಬ್ಬರ ಗುಟ್ಟೂ ತಿಳಿಯದೆ ಊರಿನ ಲೆಕ್ಕ ತೆಗೆಯುವುದು ಹೇಗೆ? 1965ರಲ್ಲೇ ಸಂಶೋಧಕ ಸ್ಟಾನ್ಲಿ ವಾರ್ನರ್ ದಾರಿ ತೋರಿಸಿದ್ದರು. ಅವರು ಬಳಸಿದ್ದು ತಿರುಗುವ ಮುಳ್ಳು, ಕೇಳುವ ರೀತಿಯೂ ಸ್ವಲ್ಪ ಬೇರೆ. ಅದೇ ಉಪಾಯದ ಇನ್ನೊಂದು ರೂಪವನ್ನು ನಾಣ್ಯದಲ್ಲಿ ಹೇಳಿದರೆ ಸುಲಭ. 'ಸಾಲ ಮಾಡಿ ಚಿನ್ನ ಕೊಂಡಿದ್ದೀರಾ?' ಎಂದು 1000 ಜನರನ್ನು ಕೇಳಬೇಕು ಅಂದುಕೊಳ್ಳಿ. ಎಲ್ಲರೂ ಗುಟ್ಟಾಗಿ ನಾಣ್ಯ ಚಿಮ್ಮಲಿ. ಹೆಡ್ ಬಿದ್ದರೆ ಸುಮ್ನೆ 'ಹೌದು' ಅನ್ನಬೇಕು. ಟೇಲ್ ಬಿದ್ದರೆ ಮಾತ್ರ ನಿಜ ಹೇಳಬೇಕು. ಈಗ 'ಹೌದು' ಎಂದವರು ಸಾಲಗಾರರೇ ಎಂದು ಯಾರೂ ಹೇಳುವಂತಿಲ್ಲ, ಅಲ್ವಾ? ಆದರೂ ಲೆಕ್ಕ ಸಿಗುತ್ತದೆ. ಒಟ್ಟು 620 'ಹೌದು' ಬಂದರೆ ಅದರಲ್ಲಿ ಸುಮಾರು 500 ನಾಣ್ಯದ್ದು. ಉಳಿದ 120 ನಿಜ ಹೇಳಿದ 500 ಜನರಿಂದ ಬಂದದ್ದು. ಅಂದರೆ ಸುಮಾರು 24%.

ಇದಕ್ಕೆ ಬೆಲೆಯೂ ಇದೆ. ನೇರವಾಗಿ ಕೇಳಿದಾಗಿನಷ್ಟೇ ನಿಖರತೆ ಬೇಕೆಂದರೆ ಈ ಉದಾಹರಣೆಯಲ್ಲಿ ಸುಮಾರು ಐದು ಪಟ್ಟು ಜನರನ್ನು ಕೇಳಬೇಕು. ಆ ಖರ್ಚನ್ನು ಕಂಪನಿಗಳೇ ಹೊರಲಿ. ಇಷ್ಟು ದಿನ ಸಮೀಕ್ಷೆ ಅಗ್ಗವಾಗಿದ್ದದ್ದು ನಮ್ಮ ಗುಟ್ಟುಗಳನ್ನು ಪುಕ್ಕಟೆ ಬಳಸಿಕೊಂಡಿದ್ದರಿಂದ.