ಗಣಿತ ಬಿಟ್ಟು ಉಳಿದೆರಡು

ನವೆಂಬರ್ ಬಂತೆಂದರೆ ಇಂಗ್ಲೆಂಡಿನ ರೆಡಿಂಗ್, ಸ್ಲೌ, ಮಿಲ್ಟನ್ ಕೀನ್ಸ್ ಕಡೆಯ ಕನ್ನಡದ ಮನೆಗಳಿಂದ ನನಗೆ ಫೋನು ಬರಲು ಶುರುವಾಗುತ್ತದೆ. ಮಗನೋ ಮಗಳೋ ಇಯರ್ ಇಲೆವೆನ್‌ನಲ್ಲಿ ಇರುತ್ತಾರೆ, ಸಿಕ್ಸ್ತ್ ಫಾರ್ಮ್‌ಗೆ, ಅಂದರೆ ನಮ್ಮ ಪಿಯುಸಿಯಂಥ ಎರಡು ವರ್ಷದ ಎ ಲೆವೆಲ್ ಓದಿಗೆ, ಅರ್ಜಿ ಹಾಕುವ ಹೊತ್ತು. "ಮೇಷ್ಟ್ರೇ, ಇವನಿಗೆ ಮ್ಯಾಥ್ಸ್ ಅಂದ್ರೆ ಪ್ರಾಣ. ಪಿಸಿಎಂ ತಗೊಳ್ಳಲಿ ಅಂತಿದ್ದೀವಿ. ಜೊತೆಗೆ ಬಯಾಲಜೀನೂ ಇರಲಿ, ಯಾವ ಬಾಗಿಲೂ ಮುಚ್ಚೋದು ಬೇಡ."

ಈ ಮಾತಿನ ಹಿಂದಿನ ಕಾಳಜಿ ನನಗೆ ಚೆನ್ನಾಗಿ ಗೊತ್ತು. ನಾನೂ ಪಿಯುಸಿಯಲ್ಲಿ ಪಿಸಿಎಂಬಿ ಓದಿದವನೇ. ನಮ್ಮಲ್ಲಿ ಕಾಂಬಿನೇಷನ್ ಎಂಬುದು ಕಟ್ಟಿಟ್ಟ ಬುತ್ತಿ. ಎರಡು ಭಾಷೆ, ನಾಲ್ಕು ವಿಷಯ, ಒಂದು ಹೆಸರು. ಆ ಹೆಸರು ಹೇಳಿದರೆ ಹುಡುಗ ಎತ್ತ ಹೊರಟಿದ್ದಾನೆಂದು ನೆಂಟರಿಷ್ಟರಿಗೆಲ್ಲ ತಿಳಿಯುತ್ತಿತ್ತು. ಇಂಗ್ಲೆಂಡಿನ ಎ ಲೆವೆಲ್‌ನಲ್ಲಿ ಹಾಗೆ ಕಟ್ಟಿದ ಗಂಟು ಇಲ್ಲ. ಭಾಷೆ ಕಡ್ಡಾಯವಲ್ಲ, ಇಂಗ್ಲಿಷ್ ಕೂಡ. ಹದಿನಾರನೆಯ ವಯಸ್ಸಿಗೆ ಮೂರು ವಿಷಯ ಆರಿಸಿಕೊಂಡು ಎರಡು ವರ್ಷ ಅವುಗಳೊಳಗೇ ಇಳಿಯಬೇಕು. ವಿಶ್ವವಿದ್ಯಾಲಯಗಳು ಸೀಟಿನ ಷರತ್ತನ್ನು ಸಾಮಾನ್ಯವಾಗಿ ಮೂರು ವಿಷಯಗಳ ಮೇಲೇ ಹಾಕುತ್ತವೆ. ನಾಲ್ಕು ಓದಿದ್ದಕ್ಕೆ ಬಹುಮಾನವಿಲ್ಲ, ಫರ್ದರ್ ಮ್ಯಾಥ್ಸ್ ಎಂಬ ಒಂದು ಅಪವಾದ ಬಿಟ್ಟರೆ. ಅದಕ್ಕೆ ಆಮೇಲೆ ಬರುತ್ತೇನೆ.

ಹಾಗಾಗಿ ನಾನು ಅಪ್ಪ ಅಮ್ಮನ ಜೊತೆ ಹೆಚ್ಚು ಮಾತಾಡುವುದಿಲ್ಲ. ಮಗುವಿನ ಕೈಗೆ ಫೋನ್ ಕೊಡಿ ಅನ್ನುತ್ತೇನೆ. "ಒಂದು ಬೆಸಸಂಖ್ಯೆ ತಗೋ. ಅದರ ವರ್ಗ ಮಾಡಿ ಒಂದು ಕಳೆ. 3ಕ್ಕೆ 8 ಬಂತು, 5ಕ್ಕೆ 24, 7ಕ್ಕೆ 48, 9ಕ್ಕೆ 80. ಏನು ಕಾಣಿಸ್ತಿದೆ?" ಎಲ್ಲವೂ 8ರಿಂದ ಭಾಗವಾಗುತ್ತವೆ ಎಂದು ಬಹುತೇಕ ಮಕ್ಕಳು ಅರ್ಧ ನಿಮಿಷದಲ್ಲಿ ಹೇಳುತ್ತಾರೆ. "ಯಾವಾಗಲೂ ಹೀಗೇ ಆಗುತ್ತಾ? ಯಾಕೆ?" ಅಲ್ಲಿಗೆ ಫೋನ್ ಇಡುತ್ತೇನೆ. ಉತ್ತರಕ್ಕೆ ಜಿಸಿಎಸ್‌ಇ (ಇಯರ್ ಇಲೆವೆನ್ ಕೊನೆಯ, ನಮ್ಮ ಹತ್ತನೇ ತರಗತಿಯಂಥ ಪರೀಕ್ಷೆ) ಮಟ್ಟದ ಬೀಜಗಣಿತ ಸಾಕು. ಬೆಸಸಂಖ್ಯೆಯನ್ನು 2k+1 ಎಂದು ಬರೆದರೆ ಕೊನೆಗೆ ಉಳಿಯುವುದು 4k(k+1). ಅಕ್ಕಪಕ್ಕದ ಎರಡು ಸಂಖ್ಯೆಗಳಲ್ಲಿ ಒಂದು ಸಮವಾಗಿರಲೇಬೇಕು, ಆದ್ದರಿಂದ ನಾಲ್ಕರ ಜೊತೆ ಇನ್ನೊಂದು ಎರಡು ಸಿಕ್ಕೇ ಸಿಗುತ್ತದೆ.

ಮರುದಿನ ಏನಾಗುತ್ತದೆ ಎನ್ನುವುದೇ ನನಗೆ ಮುಖ್ಯ. ಕೆಲವು ಮಕ್ಕಳು ಉತ್ತರ ಕಂಡುಹಿಡಿದು ಖುಷಿಯಿಂದ "ಇನ್ನೊಂದು ಕೊಡಿ" ಅನ್ನುತ್ತಾರೆ. ಸರಿ ಉತ್ತರದ ಸುಖ ಅವರದು, ಅದು ನಿಜವಾದ ಸುಖ. ಇನ್ನು ಕೆಲವರಿಗೆ ನಾನು ಕೇಳದೇ ಇದ್ದದ್ದು ಹೊಳೆದಿರುತ್ತದೆ. ಮೂರು ವರ್ಷದ ಹಿಂದೆ ಒಬ್ಬಳು ಹುಡುಗಿ ರಾತ್ರಿ ಹತ್ತಕ್ಕೆ ಅಮ್ಮನ ಫೋನಿನಿಂದ ಸಂದೇಶ ಕಳಿಸಿದ್ದಳು: 3ಕ್ಕಿಂತ ದೊಡ್ಡ ಅವಿಭಾಜ್ಯ ಸಂಖ್ಯೆ ತಗೊಂಡರೆ 8 ಮಾತ್ರ ಅಲ್ಲ, 24ರಿಂದಲೇ ಭಾಗವಾಗುತ್ತೆ, 11ಕ್ಕೆ 120, 13ಕ್ಕೆ 168, ಮೂರು ಎಲ್ಲಿಂದ ಬಂತು ಅಂತ ಮಾತ್ರ ಗೊತ್ತಾಗುತ್ತಿಲ್ಲ ಎಂದು. ಎರಡು ದಿನ ಬಿಟ್ಟು ಅದೂ ಬಂತು: ಅಕ್ಕಪಕ್ಕದ ಮೂರು ಸಂಖ್ಯೆಗಳಲ್ಲಿ ಒಂದು ಮೂರರ ಅಪವರ್ತ್ಯ, ಅದು ನಡುವಿನ ಅವಿಭಾಜ್ಯವಂತೂ ಆಗಿರಲಾರದು, ಅದರ ಆಚೀಚೆಯ ಎರಡನ್ನು ಗುಣಿಸಿದರೆ ಬರುವುದೇ ವರ್ಗ ಕಳೆ ಒಂದು. ಮತ್ತೆ ಕೆಲವರು ನೇರವಾಗಿ ಕೇಳುತ್ತಾರೆ, "ಇದನ್ನ ಎಲ್ಲಿ ಬಳಸ್ತಾರೆ ಸರ್?" ಈ ಪ್ರಶ್ನೆ ಕೇಳಿದರೆ ಕೆಲವು ಗಣಿತದ ಮೇಷ್ಟ್ರುಗಳಿಗೆ ಬೇಸರವಾಗುತ್ತದೆ. ಬೇಸರ ಪಡಬೇಕಿಲ್ಲ. ಆ ಮಗುವಿಗೆ ಗಣಿತ ಇಷ್ಟವಾಗುವುದು ಅದು ಇನ್ನೊಂದರ ಮೇಲೆ ಕೆಲಸ ಮಾಡುವಾಗ.

"ಗಣಿತ ಇಷ್ಟ" ಎಂಬ ಎರಡೇ ಪದದೊಳಗೆ ಇಷ್ಟೆಲ್ಲ ಬೇರೆ ಬೇರೆ ಪ್ರೀತಿಗಳಿರುತ್ತವೆ. ಉಳಿದೆರಡು ವಿಷಯ ಯಾವುವು ಎನ್ನುವುದನ್ನು ತೀರ್ಮಾನಿಸಬೇಕಾದ್ದು ಇದು. ಜಿಸಿಎಸ್‌ಇಯಲ್ಲಿ ಬಂದ 9, ಅಂದರೆ ಅತಿ ಮೇಲಿನ ಗ್ರೇಡ್, ಇದನ್ನು ಹೇಳುವುದಿಲ್ಲ. ಆ ಅಂಕೆ ಹೇಳುವುದು ಹುಡುಗ ತಪ್ಪಿಲ್ಲದೆ, ವೇಗವಾಗಿ ಮಾಡುತ್ತಾನೆ ಎಂಬುದನ್ನಷ್ಟೇ.

ಈಗ ಫರ್ದರ್ ಮ್ಯಾಥ್ಸ್. ಹೆಸರು ಕೇಳಿ ಬಹಳ ಜನ ಇದನ್ನು "ಇನ್ನಷ್ಟು ಕಷ್ಟದ ಲೆಕ್ಕ" ಅಂದುಕೊಂಡಿದ್ದಾರೆ. ಇದು ಪೂರ್ತಿ ಪ್ರತ್ಯೇಕ ಎ ಲೆವೆಲ್. ಸಾಮಾನ್ಯ ಎ ಲೆವೆಲ್ ಗಣಿತದಲ್ಲಿ ಸುಮಾರು ಮೂರನೇ ಎರಡು ಪಾಲು ಶುದ್ಧ ಗಣಿತ, ಉಳಿದದ್ದು ಸಂಖ್ಯಾಶಾಸ್ತ್ರ ಮತ್ತು ಮೆಕ್ಯಾನಿಕ್ಸ್. 2017ರ ಹೊಸ ಪಠ್ಯದಿಂದ ಈ ಎರಡೂ ಎಲ್ಲರಿಗೂ ಕಡ್ಡಾಯ, ಪರೀಕ್ಷೆಯೂ ಎರಡು ವರ್ಷದ ಕೊನೆಗೆ ಒಟ್ಟಿಗೇ. ಫರ್ದರ್ ಮ್ಯಾಥ್ಸ್‌ನಲ್ಲಿ ಅರ್ಧ ಭಾಗ ನಿಗದಿಯಾದ ಶುದ್ಧ ಗಣಿತ: ಸಂಕೀರ್ಣ ಸಂಖ್ಯೆಗಳು, ಮಾತೃಕೆಗಳು, ಗಣಿತೀಯ ಅನುಗಮನದ ಸಾಧನೆ, ಅವಕಲ ಸಮೀಕರಣಗಳು. ಇನ್ನರ್ಧವನ್ನು ಶಾಲೆಯೋ ಮಗುವೋ ಆರಿಸಿಕೊಳ್ಳಬಹುದು. ಪಿಯುಸಿ ಗಣಿತ ಓದಿದ ಅಪ್ಪ ಅಮ್ಮಂದಿರಿಗೆ ಇದರಲ್ಲಿ ಪರಿಚಿತ ಮುಖಗಳು ಕಾಣುತ್ತವೆ. ನಾವು ಪಿಯುಸಿಯಲ್ಲೇ ಮಾತೃಕೆ ಮಾಡಿದ್ದೆವಲ್ಲ, ಇಲ್ಲಿ ಅದು ಫರ್ದರ್ ಮ್ಯಾಥ್ಸ್ ತೆಗೆದುಕೊಂಡವರಿಗೆ ಮಾತ್ರ.

2024ರಲ್ಲಿ ಎ ಲೆವೆಲ್ ಗಣಿತ ತೆಗೆದುಕೊಂಡವರ ಸಂಖ್ಯೆ ಮೊದಲ ಬಾರಿಗೆ ಒಂದು ಲಕ್ಷ ದಾಟಿತು. ಅದೇ ವರ್ಷ ಫರ್ದರ್ ಮ್ಯಾಥ್ಸ್ ತೆಗೆದುಕೊಂಡವರು ಸುಮಾರು 18 ಸಾವಿರ. ಅಂದರೆ ಗಣಿತ ಓದುವ ಬಹುಪಾಲು ಮಕ್ಕಳು ಇದಿಲ್ಲದೆಯೇ ಎಂಜಿನಿಯರಿಂಗ್‌ಗೆ, ಅರ್ಥಶಾಸ್ತ್ರಕ್ಕೆ, ಕಂಪ್ಯೂಟರ್ ಸೈನ್ಸ್‌ಗೆ ಹೋಗುತ್ತಿದ್ದಾರೆ. ಆದರೆ ಮಗುವಿಗೆ ಗಣಿತವನ್ನೇ ಪದವಿಗೆ ಓದುವ ಆಸೆಯಿದ್ದರೆ ನನ್ನ ಸಲಹೆಯಲ್ಲಿ ಎರಡು ಮಾತಿಲ್ಲ, ತೆಗೆದುಕೊಳ್ಳಲಿ. ಕೇಂಬ್ರಿಡ್ಜ್‌ನ ಗಣಿತಕ್ಕೆ ಎ ಲೆವೆಲ್ ಅಂಕಗಳಲ್ಲದೆ ಸ್ಟೆಪ್ ಎಂಬ ಪರೀಕ್ಷೆಯನ್ನೂ ಕೇಳುತ್ತಾರೆ. ಮೂರು ಗಂಟೆ, ಹನ್ನೆರಡು ಪ್ರಶ್ನೆ, ಅದರಲ್ಲಿ ಚೆನ್ನಾಗಿ ಬಂದ ಆರನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತಾರೆ. ಅಂದರೆ ಒಂದು ಪ್ರಶ್ನೆಗೆ ಅರ್ಧ ಗಂಟೆ. ಹಳೆಯ ಪತ್ರಿಕೆಗಳು ಅಂತರಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಒಂದನ್ನು ಮುದ್ರಿಸಿ ಊಟದ ಮೇಜಿನ ಮೇಲೆ ಇಟ್ಟು ನೋಡಿ. ಬಿಡಿಸಲಿ ಎಂದಲ್ಲ, ಅರ್ಧ ಗಂಟೆ ಒಂದೇ ಪ್ರಶ್ನೆಯ ಜೊತೆ ಕೂರುವುದು ಮಗುವಿಗೆ ಹಿಂಸೆಯೋ ಹಬ್ಬವೋ ಎಂಬುದು ಮುಖದಲ್ಲೇ ಗೊತ್ತಾಗುತ್ತದೆ.

ಈ ವಿಷಯದಲ್ಲಿ ನನ್ನಿಂದ ಒಂದು ತಪ್ಪಾಗಿದೆ. ಪಾಠ ಹೇಳಲು ಶುರುಮಾಡಿದ ಮೊದಲ ವರ್ಷಗಳಲ್ಲಿ, 9 ತಂದಿದ್ದ ಒಬ್ಬ ಹುಡುಗನನ್ನು ನಾನೇ ಒತ್ತಾಯಿಸಿ ಫರ್ದರ್ ಮ್ಯಾಥ್ಸ್‌ಗೆ ಸೇರಿಸಿದೆ. ಗಣಿತ, ಫಿಸಿಕ್ಸ್, ಕೆಮಿಸ್ಟ್ರಿ ಮೊದಲೇ ಇದ್ದವು, ಇದು ನಾಲ್ಕನೆಯದಾಯಿತು. ಕ್ರಿಸ್‌ಮಸ್ ಹೊತ್ತಿಗೆ ಅವನ ಹೋಂವರ್ಕ್ ಅರ್ಧಂಬರ್ಧ ಬರುತ್ತಿತ್ತು, ಫೆಬ್ರವರಿಯಲ್ಲಿ ಬಿಟ್ಟ. ಬಿಟ್ಟಿದ್ದು ನಷ್ಟವಲ್ಲ. ಆದರೆ ಆಮೇಲೆ ಸಾಮಾನ್ಯ ಗಣಿತದ ತರಗತಿಯಲ್ಲೂ ಅವನು ಕೈ ಎತ್ತುವುದನ್ನು ನಿಲ್ಲಿಸಿದ. ತನಗೆ ಗಣಿತ ಬರುವುದಿಲ್ಲ ಎಂದು ಆ ಹುಡುಗ ನಂಬಿಬಿಟ್ಟಿದ್ದ. ಇಂದಿಗೂ ನನಗೆ ಅದು ನೋಯುತ್ತದೆ. ಅವನಿಗೆ ಬುದ್ಧಿಗೆ ಕೊರತೆಯಿರಲಿಲ್ಲ, ಸಮಯಕ್ಕೆ ಕೊರತೆಯಿತ್ತು. ತರಗತಿಯೇ ವಿಷಯಕ್ಕೆ ವಾರಕ್ಕೆ ನಾಲ್ಕೈದು ಗಂಟೆ, ಮನೆಯಲ್ಲಿ ಹೆಚ್ಚುಕಡಿಮೆ ಅಷ್ಟೇ. ಅದನ್ನು ನಾಲ್ಕರಿಂದ ಗುಣಿಸುವ ಕೆಲಸವನ್ನು ಗಣಿತದ ಮೇಷ್ಟ್ರಾದ ನಾನೇ ಮಾಡಿರಲಿಲ್ಲ.

ಆದ್ದರಿಂದ ಸಿಕ್ಸ್ತ್ ಫಾರ್ಮ್ ನೋಡಲು ಶಾಲೆಗಳು ಕರೆಯುವ ಓಪನ್ ಈವ್ನಿಂಗ್‌ಗೆ ಹೋದಾಗ ಒಂದು ಪ್ರಶ್ನೆ ತಪ್ಪದೆ ಕೇಳಿ: ಫರ್ದರ್ ಮ್ಯಾಥ್ಸ್ ಅನ್ನು ಗಣಿತದ ಜೊತೆಜೊತೆಗೇ ಕಲಿಸುತ್ತೀರೋ, ಒಂದಾದ ಮೇಲೆ ಒಂದೋ? ಕೆಲವು ಶಾಲೆಗಳು ಇಯರ್ ಟ್ವೆಲ್ವ್‌ನಲ್ಲೇ ಎರಡು ವರ್ಷದ ಗಣಿತವನ್ನು ಮುಗಿಸಿ, ಮುಂದಿನ ವರ್ಷ ಫರ್ದರ್ ಹಿಡಿಯುತ್ತವೆ. ವೇಗ ಜೋರು, ಆದರೆ ಮಧ್ಯದಲ್ಲಿ ಬಿಟ್ಟರೂ ಗಣಿತ ಕೈಯಲ್ಲಿರುತ್ತದೆ. ಜೊತೆಜೊತೆಗೆ ಕಲಿಸುವ ಕಡೆ ಉಸಿರಾಡಲು ಹೆಚ್ಚು ಜಾಗವಿದೆ. ಪೂರ್ತಿ ಎ ಲೆವೆಲ್ ಬೇಡವೆಂದರೆ ಎಎಸ್ ಎಂಬ, ಎ ಲೆವೆಲ್‌ಗಿಂತ ಚಿಕ್ಕ ಮಟ್ಟದ ಫರ್ದರ್ ಮ್ಯಾಥ್ಸ್ ಕೂಡ ಇದೆ, ಅದನ್ನು ಕೊಡುತ್ತಾರೆಯೇ ಎಂದೂ ಕೇಳಿ. ಅನುಮಾನದಲ್ಲಿರುವ ಮಕ್ಕಳಿಗೆ ನಾನು ಹೆಚ್ಚಾಗಿ ಹೇಳುವುದು ಇದನ್ನೇ.

ಇನ್ನು ಜೊತೆಗಾರ ವಿಷಯಗಳು. "ಎಲ್ಲಿ ಬಳಸ್ತಾರೆ" ಎಂದು ಕೇಳಿದ ಮಗುವಿಗೆ ಫಿಸಿಕ್ಸ್ ಮೊದಲ ಆಯ್ಕೆ. ಎ ಲೆವೆಲ್ ಫಿಸಿಕ್ಸ್‌ನ ಅಂಕಗಳಲ್ಲಿ ಕನಿಷ್ಠ ಶೇಕಡಾ 40ರಷ್ಟು ಗಣಿತ ಕೌಶಲಕ್ಕೆ ಸೇರಬೇಕೆಂಬ ನಿಯಮವೇ ಇದೆ. ಕೆಮಿಸ್ಟ್ರಿಗೆ ಇದು 20, ಬಯಾಲಜಿಗೆ 10. ಗಣಿತದ ಮೆಕ್ಯಾನಿಕ್ಸ್ ಭಾಗದಲ್ಲಿ ಬರುವ ನ್ಯೂಟನ್ನನ ನಿಯಮಗಳು, ಎಸೆದ ಚೆಂಡಿನ ಪಥ ಫಿಸಿಕ್ಸ್‌ನಲ್ಲೂ ಬರುವುದರಿಂದ ಎರಡೂ ಒಂದಕ್ಕೊಂದು ಹೆಗಲು ಕೊಡುತ್ತವೆ. ಎಂಜಿನಿಯರಿಂಗ್ ಕನಸಿದ್ದರೆ ಈ ಜೋಡಿಯನ್ನು ಒಡೆಯಬೇಡಿ.

ಅರ್ಥಶಾಸ್ತ್ರದ ವಿಚಾರದಲ್ಲಿ ನಮ್ಮವರು ಹೆಚ್ಚು ಎಡವುತ್ತಾರೆ. ಪದವಿಯ ಅರ್ಥಶಾಸ್ತ್ರ ಗಣಿತದಲ್ಲೇ ಮುಳುಗಿದೆ, ದೊಡ್ಡ ವಿಶ್ವವಿದ್ಯಾಲಯಗಳು ಅದಕ್ಕೆ ಎ ಲೆವೆಲ್ ಗಣಿತ ಬೇಕೇ ಬೇಕು ಅನ್ನುತ್ತವೆ. ಆದರೆ ಎ ಲೆವೆಲ್‌ನ ಅರ್ಥಶಾಸ್ತ್ರ ಬಹುಪಾಲು ಪ್ರಬಂಧ. ಗಣಿತ ಕೌಶಲದ ಕನಿಷ್ಠ ಪಾಲು ಶೇಕಡಾ 20 ಮಾತ್ರ. ಲೆಕ್ಕ ಇರುತ್ತದೆಂದು ಸೇರಿದ ಹುಡುಗ ಬಡ್ಡಿದರದ ಬಗ್ಗೆ ನಾಲ್ಕು ಪುಟ ವಾದ ಮಾಡಬೇಕಾದಾಗ ಕಂಗಾಲಾಗುತ್ತಾನೆ. ಹಾಗೆ ಬರೆಯುವುದು ಅವನಿಗೆ ಇಷ್ಟವಾದರೆ ಒಳ್ಳೆಯದೇ. ಇಷ್ಟವಿಲ್ಲದಿದ್ದರೂ ಪದವಿಯ ದಾರಿ ತೆರೆದೇ ಇರುತ್ತದೆ, ಏಕೆಂದರೆ ಎ ಲೆವೆಲ್ ಅರ್ಥಶಾಸ್ತ್ರ ಓದಿರಲೇಬೇಕೆಂದು ಸಾಮಾನ್ಯವಾಗಿ ಕೇಳುವುದಿಲ್ಲ. ಕಂಪ್ಯೂಟರ್ ಸೈನ್ಸ್ ಕಥೆಯೂ ಹತ್ತಿರ ಹತ್ತಿರ ಇದೇ. ಪದವಿಗೆ ಮೊದಲು ನೋಡುವುದು ಗಣಿತವನ್ನು. ಎ ಲೆವೆಲ್ ಕಂಪ್ಯೂಟರ್ ಸೈನ್ಸ್‌ನಲ್ಲಿ ಅಂಕದ ಐದನೇ ಒಂದು ಪಾಲು ಮಗು ತಾನೇ ಕಟ್ಟುವ ಒಂದು ಪ್ರಾಜೆಕ್ಟ್‌ಗೆ. ಕೋಡ್ ಬರೆಯುವುದೇ ಆಟವಾಗಿರುವ ಮಗುವಿಗೆ ಅದು ಹಬ್ಬ.

ಬಯಾಲಜಿಯ ಪ್ರಶ್ನೆಗೆ ಬರೋಣ. ಮೆಡಿಸಿನ್ ನಿಜವಾಗಿಯೂ ಮಗುವಿನ ಮನಸ್ಸಿನಲ್ಲಿದ್ದರೆ ಕೆಮಿಸ್ಟ್ರಿ, ಬಯಾಲಜಿ, ಗಣಿತ ತೆಗೆದುಕೊಳ್ಳಲಿ. ಆ ದಾರಿಯಲ್ಲಿ ಫರ್ದರ್ ಮ್ಯಾಥ್ಸ್‌ಗೆ ಹೆಚ್ಚು ಬೆಲೆಯಿಲ್ಲ, ಗಣಿತವನ್ನೂ ಅದನ್ನೂ ಎರಡು ವಿಷಯವೆಂದು ಎಣಿಸದ ಮೆಡಿಕಲ್ ಕಾಲೇಜುಗಳಿವೆ. ಆದರೆ ಮಗು ಒಂದು ಸಲವೂ ಡಾಕ್ಟರ್ ಆಗುವ ಮಾತೆತ್ತಿಲ್ಲ, ಬಾಗಿಲು ತೆರೆದಿರಲಿ ಎಂದಷ್ಟೇ ಬಯಾಲಜಿ ಅಂದರೆ, ಆ ತೆರೆದ ಬಾಗಿಲಿಗೆ ಎರಡು ವರ್ಷ ಬಾಡಿಗೆ ಕಟ್ಟುವುದು ಮಗು. ಅದರ ಬದಲು ಇತಿಹಾಸವೋ, ಸಂಗೀತವೋ, ಫ್ರೆಂಚೋ ಮೂರನೆಯದಾಗಿ ಬರಲಿ ಎಂದು ನಾನು ಹೇಳಿದರೆ ಫೋನಿನ ಆ ಕಡೆ ಮೌನ. ಗಣಿತದ ಪದವಿಗೆ ಗಣಿತ ಬೇಕು, ಕೆಲವು ಕಡೆ ಫರ್ದರ್ ಮ್ಯಾಥ್ಸ್ ಅನ್ನೂ ಕೇಳುತ್ತಾರೆ. ಮೂರನೆಯದು ಹೆಚ್ಚಿನ ಕಡೆ ಮಗುವಿನ ಇಷ್ಟಕ್ಕೇ ಬಿಟ್ಟದ್ದು. ಗಣಿತ, ಫರ್ದರ್ ಮ್ಯಾಥ್ಸ್, ಸಂಗೀತ ಓದಿದ ಹುಡುಗನಿಗೆ ನಾನೇ ಪಾಠ ಮಾಡಿದ್ದೇನೆ. ಈಗ ಅವನು ಗಣಿತದ ಪದವಿಯ ಎರಡನೇ ವರ್ಷದಲ್ಲಿದ್ದಾನೆ. ಸಂಗೀತದ ತರಗತಿಯಿಂದ ಬಂದ ದಿನ ಅವನ ತಲೆ ತಿಳಿಯಾಗಿರುತ್ತಿತ್ತು ಎಂದು ನನಗೆ ನೆನಪಿದೆ.

ಹುಡುಗಿಯರ ಬಗ್ಗೆ ಒಂದು ಮಾತು ಹೇಳಲೇಬೇಕು. ಫರ್ದರ್ ಮ್ಯಾಥ್ಸ್ ತರಗತಿಯಲ್ಲಿ ಮೂರರಲ್ಲಿ ಒಬ್ಬಳೂ ಹುಡುಗಿ ಇರುವುದಿಲ್ಲ, ಫಿಸಿಕ್ಸ್‌ನಲ್ಲಿ ನಾಲ್ಕರಲ್ಲಿ ಒಬ್ಬಳು. ನೋಂದಣಿಯ ದಿನ ನಾನು ಮೇಜಿನ ಹಿಂದೆ ಕೂತಾಗ, 7 ತಂದ ಹುಡುಗ "ನಾನು ಮಾಡ್ತೀನಿ" ಅನ್ನುತ್ತಾನೆ, 9 ತಂದ ಹುಡುಗಿ "ನಾನು ಅಷ್ಟೇನೂ ಜಾಣೆ ಅಲ್ಲ ಅನ್ಸುತ್ತೆ" ಅನ್ನುತ್ತಾಳೆ. ನಮ್ಮ ಮನೆಗಳಲ್ಲಿ ಹೆಣ್ಣುಮಕ್ಕಳ ಓದಿಗೆ ಅಡ್ಡಿಯಿಲ್ಲ, ಅದು ನಮ್ಮ ದೊಡ್ಡ ಬಲ. ಆದರೆ "ಅವಳಿಗೆ ಮೆಡಿಸಿನ್ ಹೊಂದುತ್ತೆ" ಎಂಬ ಮೆದುವಾದ ಮಾತೂ ಒಂದು ತಳ್ಳುವಿಕೆಯೇ. 24ರ ಲೆಕ್ಕ ಕಳಿಸಿದ ಆ ಹುಡುಗಿಯೂ ಮೊದಲು ಹಿಂಜರಿದಿದ್ದಳು. ಅವಳ ಅಮ್ಮನಿಗೆ ನಾನು ಹೇಳಿದ್ದು ಇಷ್ಟೇ: ತರಗತಿಯಲ್ಲಿ ಇನ್ನೊಬ್ಬಳು ಹುಡುಗಿ ಇದ್ದಾಳೆಯೇ ಎಂದು ಶಾಲೆಗೆ ಕೇಳಿ, ಇದ್ದರೆ ಅವರಿಬ್ಬರನ್ನೂ ಜೂನ್‌ನಲ್ಲೇ ಪರಿಚಯ ಮಾಡಿಸಿ. ಮಾಡಿಸಿದರು.

ಮಗು ಗಣಿತದಲ್ಲಿ ತೀರಾ ಮುಳುಗಿದ್ದರೆ, ಸಿಕ್ಸ್ತ್ ಫಾರ್ಮ್‌ನ ಎರಡು ವರ್ಷಕ್ಕೆಂದೇ ಇರುವ ಸರ್ಕಾರಿ ಗಣಿತ ಶಾಲೆಗಳನ್ನೂ ನೋಡಿ. ಲಂಡನ್ನಿನ ಕಿಂಗ್ಸ್ ಕಾಲೇಜಿನದು ಮತ್ತು ಎಕ್ಸೆಟರ್‌ನದು 2014ರಲ್ಲಿ ಶುರುವಾದವು. ಲಿವರ್‌ಪೂಲ್, ಲ್ಯಾಂಕಾಸ್ಟರ್ ಮುಂತಾದ ಕಡೆ ಆಮೇಲೆ ಬಂದಿವೆ. ಶುಲ್ಕವಿಲ್ಲ, ಪ್ರವೇಶ ಪರೀಕ್ಷೆಯಿದೆ. ಮನೆಯಲ್ಲೇ ಹಸಿವು ತಣಿಸಲು ಕೇಂಬ್ರಿಡ್ಜ್‌ನ ಎನ್‌ರಿಚ್ ಜಾಲತಾಣ ಉಚಿತ, ಶಾಲೆಯ ಮೂಲಕ ಬರೆಯುವ ಸೀನಿಯರ್ ಮ್ಯಾಥಮ್ಯಾಟಿಕಲ್ ಚಾಲೆಂಜ್‌ನಲ್ಲಿ 90 ನಿಮಿಷಕ್ಕೆ 25 ಪ್ರಶ್ನೆಗಳಿರುತ್ತವೆ.

ಚಳಿಗಾಲದಲ್ಲಿ ಅರ್ಜಿಯ ಮೇಲೆ ಬರೆದದ್ದು ಕಲ್ಲಿನ ಮೇಲೆ ಕೆತ್ತಿದ್ದಲ್ಲ. ಆಗಸ್ಟ್‌ನಲ್ಲಿ ಜಿಸಿಎಸ್‌ಇ ಫಲಿತಾಂಶ ಬಂದ ದಿನ ನೋಂದಣಿ ಮೇಜಿನಲ್ಲಿ ವಿಷಯ ಬದಲಿಸುವ ಮಕ್ಕಳನ್ನು ಪ್ರತಿ ವರ್ಷ ಕಾಣುತ್ತೇನೆ. ಟೈಮ್‌ಟೇಬಲ್‌ನಲ್ಲಿ ಜಾಗವಿದ್ದರೆ ಸೆಪ್ಟೆಂಬರ್‌ನ ಮೊದಲ ಕೆಲವು ವಾರಗಳಲ್ಲೂ ಬಹಳ ಕಡೆ ಬಿಡುತ್ತಾರೆ. ಕೊನೆಯ ದಿನಾಂಕ ಯಾವುದೆಂದು ಮೊದಲ ದಿನವೇ ಕೇಳಿ ಬರೆದಿಟ್ಟುಕೊಳ್ಳಿ. ಆ ವಾರಗಳಲ್ಲಿ ಎಷ್ಟು ಅಂಕ ಬಂತು ಎಂದು ಮಗುವನ್ನು ಕೇಳಬೇಡಿ. ಯಾವ ವಿಷಯದ ಪುಸ್ತಕ ಯಾರೂ ಹೇಳದೆ ಬ್ಯಾಗಿನಿಂದ ಮೊದಲು ಹೊರಗೆ ಬರುತ್ತಿದೆ, ಯಾವುದು ಭಾನುವಾರ ಸಂಜೆಯವರೆಗೂ ಒಳಗೇ ಉಳಿಯುತ್ತಿದೆ ಎಂದು ನೋಡುತ್ತಿರಿ. ಅದನ್ನು ಹೇಳಲು ಫೋನ್ ಮಾಡಿ, ಸೆಪ್ಟೆಂಬರ್‌ನಲ್ಲೂ ಎತ್ತುತ್ತೇನೆ.