ಅರ್ಧ ತಾಸಿನ ಜಗಳ

ಈಟಿವಿಯೊಳಗ ಸಿಹಿ ಕಹಿ ಚಂದ್ರು ಅವರ ‘ಪಾಪ ಪಾಂಡು’ ಅನ್ನೋ ನಗೆ ಧಾರಾವಾಹಿ ಬರ್ತಿದ್ದ ಕಾಲಕ್ಕ ನಾ ಇನ್ನೂ ಸಾಲಿ ಹುಡುಗ, ಬಾಗಲಕೋಟಿ ನವನಗರದಾಗ ನಮ್ಮ ಮನಿ. ಹೆಂಡ್ತಿ ದಬಾಯಿಸೋದು ಗಂಡ ಒದ್ದಾಡೋದು ನೋಡಿ ನಮ್ಮ ಕಾಕಾ ಬಿದ್ದು ಬಿದ್ದು ನಗ್ತಿದ್ದ. ಒಮ್ಮೆ ಮನಿಗೆ ಬೀಗರು ಬಂದಾಗ ಊಟಕ್ಕ ಕುಂತು ಅದೇ ಸ್ಟೈಲ್‌ನ್ಯಾಗ, “ನಮ್ಮನ್ಯಾಗ ನಂದೇನೂ ನಡ್ಯಾಂಗಿಲ್ರಿ, ಎಲ್ಲಾ ಹೋಮ್ ಮಿನಿಸ್ಟರ್ ಆರ್ಡರ್, ರೊಟ್ಟಿ ಸುಟ್ಟಿದ್ರೂ ಚಲೋ ಆಗೇತಿ ಅನಬೇಕು” ಅಂದ. ಒಬ್ಬರೂ ನಗಲಿಲ್ಲ. ಚಿಗವ್ವ ಪುಂಡಿಪಲ್ಲೆ ಬೋಗಣಿ ಟಪ್ ಅಂತ ಇಟ್ಟು ಒಳಗ ಹೋದ್ಲು.

ಟಿವಿಯೊಳಗ ಆಗಿದ್ರ ಅಲ್ಲೇ ಹೋ ಅಂತ ನಗು ಕೇಳಸ್ತಿತ್ತು. ಆ ನಗೂಗೂ ಒಂದು ಇತಿಹಾಸ ಐತಿ ನೋಡ್ರಿ. 1950ರ ದಶಕದಾಗ ಅಮೆರಿಕಾದ ಸೌಂಡ್ ಎಂಜಿನಿಯರ್ ಚಾರ್ಲ್ಸ್ ಡಗ್ಲಸ್ ಒಂದು ಮಷೀನ್ ಮಾಡಿದ, ಅದರಾಗ ರೆಕಾರ್ಡ್ ಮಾಡಿಟ್ಟ ತರಾತರದ ನಗು, ಯಾವ ಕೀ ಒತ್ತಿದ್ರ ಆ ನಗು. ಗಂಡ ಹೆಂಡ್ತಿಗೆ ಚುಚ್ಚಿ ಮಾತಾಡಿದ ಕೂಡ್ಲೆ ನಗು ಹಾಕಿಬಿಟ್ರ ಆ ಮಾತು ಯಾರಿಗೂ ನಟ್ಟೇ ಇಲ್ಲ ಅನ್ನೋಹಂಗ ಆಗ್ತೇತಿ, ಇದರಷ್ಟು ಸುಳ್ಳು ಇನ್ನೊಂದಿಲ್ಲ ಅಂತ ನನಗನಸ್ತೈತಿ.

ಅದೇ ಸುಮಾರಿಗೆ, 1951ರಾಗ, ಅಮೆರಿಕಾದ ಸಿಬಿಎಸ್ ಚಾನೆಲ್‌ನ್ಯಾಗ ‘ಐ ಲವ್ ಲೂಸಿ’ ಅನ್ನೋ ಗಂಡ ಹೆಂಡ್ತಿ ನಗೆ ಧಾರಾವಾಹಿ ಶುರು ಆತು. ಅದಕ್ಕ ನಗು ಖರೇನ ಇತ್ತು, ಎದುರಿಗೆ ಮಂದಿ ಕುಂತಿರ್ತಿದ್ರು. ಆದ್ರ ಸಂಸಾರ? ಗಂಡ ಹೆಂಡ್ತಿಗೆ ಬ್ಯಾರೆ ಬ್ಯಾರೆ ಮಂಚ. ಲೂಸಿ ಬಸರಿ ಇದ್ದಾಗ ಆ ಶಬ್ದನೂ ಬಾಯಾಗ ಬರಂಗಿಲ್ಲ, ಚಾನೆಲ್‌ನವರಿಗೆ ಅಷ್ಟು ಅಂಜಿಕಿ. ವಾರಾ ವಾರಾ ಜಗಳಾಡಿ ವಾರಾ ವಾರಾ ಒಂದಾಗ್ತಿದ್ದ ಆ ಜೋಡಿಯ ಪಾತ್ರ ಮಾಡಿದ ಲೂಸಿಲ್ ಬಾಲ್ ಮತ್ತ ದೇಸಿ ಆರ್ನಾಜ್ ಖರೇನೂ ಗಂಡ ಹೆಂಡ್ತಿನೇ, 1960ರಾಗ ಡಿವೋರ್ಸ್ ಆತು.

ಜಗಳ ಅಷ್ಟು ಲಗೂನ ಮುಗಿಯೋದು ಪ್ರೀತಿ ಜಾಸ್ತಿ ಆಗಿ ಅಲ್ರಿ, ಟೈಮ್ ಇಲ್ಲದ್ದಕ್ಕ. ಅರ್ಧ ತಾಸಿನ ಕಂತಿನ್ಯಾಗ ಜಾಹೀರಾತು ತಗದ್ರ ಉಳಿಯೋದು ಇಪ್ಪತ್ತೆರಡು ನಿಮಿಷದ ಆಜೂಬಾಜು, ಮುಂದಿನ ವಾರ ಹೊಸಾ ನೋಡೋರಿಗೂ ತಿಳೀಬೇಕು, ಹಂಗಾಗಿ ಎಲ್ಲಾ ಮೊದಲಿನಂಗ ಆಗಲೇಬೇಕು.

ನಮ್ಮ ದೇಶದಾಗ 1984ರಾಗ ದೂರದರ್ಶನಕ್ಕ ‘ಯೇ ಜೋ ಹೈ ಜಿಂದಗಿ’ ಅನ್ನೋ ಹಿಂದಿ ನಗೆ ಧಾರಾವಾಹಿ ಬಂತು, ಗಂಡ, ಹೆಂಡ್ತಿ, ಆಕಿ ತಮ್ಮ, ಅಷ್ಟ. ಅತ್ತಿ ಮಾವ ನೆಗೆಣ್ಣಿ ಇಲ್ಲದ ಮನಿ. ನಟ ಸತೀಶ್ ಶಾ ಒಂದೊಂದು ಕಂತಿನ್ಯಾಗ ಒಂದೊಂದು ವೇಷ ಹಾಕ್ಕೊಂಡು ಬರ್ತಿದ್ದ ಅದು ಬ್ಯಾರೆ ಮಾತು. ಅತ್ತ ಅಮೆರಿಕಾದ ‘ಫ್ರೆಂಡ್ಸ್’ ಧಾರಾವಾಹಿ 1994ರಿಂದ 2004ರ ತನಕ 236 ಕಂತು ಓಡಿ ಜಗಳದ ಜೊತಿಗೆ ಕಾಯೋದನ್ನೂ ಕಲಿಸ್ತು, ಅದರಾಗಿನ ಜೋಡಿ ರಾಸ್, ರೇಚಲ್ ಹತ್ತು ವರ್ಷ ಕೂಡೋದು ಬಿಡೋದು ಮಾಡಿ ಕಡೀಗೆ ರೇಚಲ್ ವಿಮಾನದಿಂದ ಇಳಿದು ಬರ್ತಾಳ. ಈಗಿನ ಹುಡುಗ್ರು ಫೋನ್‌ನ್ಯಾಗ ಅದನ್ನ ನೋಡಿ, ಬ್ಯಾಡ ಅಂದ ಹುಡುಗಿನೂ ಒಂದಿನ ಬಂದೇ ಬರ್ತಾಳ ಅಂತ ಕುಂತಿರ್ತಾರ. ಬರಾಂಗಿಲ್ಲಪಾ, ಆಕಿ ಹುಬ್ಬಳ್ಳಿ ಬಸ್ ಹತ್ತಿ ಹೋಗ್ಯಾಳ.

ಟಿವಿ ಬಾಳ ನೋಡೋರಿಗೆ ಲೋಕಾನೂ ಟಿವಿ ಹಂಗ ಕಾಣಸ್ತೈತಿ ಅಂತ ಜಾರ್ಜ್ ಗರ್ಬ್ನರ್ ಅನ್ನೋ ಪ್ರೊಫೆಸರ್ ಹೇಳಿದ್ದ. ಅವ ನೋಡಿದ್ದು ಹೆಚ್ಚಾಗಿ ಹೊಡೆದಾಟ ಬಡಿದಾಟದ ಪರಿಣಾಮ, ಆಮ್ಯಾಲೆ ಬ್ಯಾರೆಯವರು ಅದನ್ನ ಮದುವಿ ಸಂಸಾರಕ್ಕೂ ಹಚ್ಚಿ ನೋಡಿದ್ರು. ನಮ್ಮ ಕಾಕಾನ್ನ ನೋಡಿದ್ರ ಸಾಕಾಗ್ತಿತ್ತು, ಅರ್ಧ ತಾಸಿನ್ಯಾಗ ಚಿಗವ್ವ ನಕ್ಕೋಂತ ಬರ್ತಾಳ ಅಂತ ಕೈ ತೊಳಕೊಂಡು ಕುಂತಿದ್ದ.

ಎಂಟು ದಿನ ಮಾತಿಲ್ಲ. ನಾನೇ ಪೋಸ್ಟ್‌ಮನ್. “ನಿಮ್ಮ ಕಾಕಾಗ ಊಟಕ್ಕ ಬಾ ಅನ್ನು”, “ನಿಮ್ಮ ಚಿಗವ್ವಗ ಹಸಿವಿಲ್ಲ ಅನ್ನು”, ಇಬ್ಬರೂ ಒಂದೇ ಖೋಲಿಯೊಳಗ. ಒಂಬತ್ತನೇ ದಿನ ರಾತ್ರಿ ಕರೆಂಟ್ ಹೋತು, ಟಿವಿನೂ ಬಂದ್. ಕತ್ತಲಾಗ ಕಾಕಾ ಯಾರಿಗೋ ಏನೋ, “ಮೇಣಬತ್ತಿ ಎಲ್ಲೈತಿ” ಅಂದ.

“ಗೂಡಿನ್ಯಾಗ ಐತಿ, ಕಡ್ಡಿಪೆಟ್ಟಿಗಿನೂ ಅಲ್ಲೇ ಐತಿ” ಅಂದ್ಲು ಚಿಗವ್ವ.